ಬಾವಿಗೆ ಇಳಿದ ಅಪ್ಪ

ನಮ್ಮ ಅಪ್ಪ ಪಂಢರಿ ಈಜು ಕಲಿತದ್ದು ನಲವತ್ತು ದಾಟಿದ ಮೇಲೆ. ಖಟಕ ಚಿಂಚೋಳಿಯಲ್ಲಿ ಗಂಡುಹುಡುಗರು ಸಣ್ಣವರಿದ್ದಾಗಲೇ ಬಾವಿಗೆ ಹಾರುತ್ತಾರೆ. ಅಪ್ಪ ಮಾತ್ರ ಬಾವಿಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಅವನು ಹುಡುಗನಿದ್ದಾಗ ಅವನ ತಂಗಿ ನೀರು ಸೇದಲು ಹೋಗಿ ಕಾಲು ಜಾರಿ ಬಿದ್ದು, ಅವನ ಕಣ್ಣೆದುರೇ ಮುಳುಗಿಹೋಗಿದ್ದಳು. ಇದನ್ನು ನಮಗೆ ಹೇಳಿದವಳು ಅವ್ವ. ಅಪ್ಪ ಆ ಮಾತು ಎತ್ತಿದ್ದನ್ನು ನಾವು ಕೇಳಿಲ್ಲ.

ಒಂದು ಬೇಸಿಗೆಯಲ್ಲಿ ನನ್ನ ಅಕ್ಕ ಮಹಾಮಾಯಾ ಹೊಲದ ಬಾವಿಯೊಳಗೆ ಬಗ್ಗಿ ಆಮೆ ನೋಡುತ್ತಿದ್ದಳು. ಅಪ್ಪ ಎಲ್ಲಿಂದಲೋ ಓಡಿಬಂದು ಅವಳ ರಟ್ಟೆ ಹಿಡಿದು ಎಳೆದ ರಭಸಕ್ಕೆ ಇಬ್ಬರೂ ಮಣ್ಣಿನಲ್ಲಿ ಬಿದ್ದರು. ಅಕ್ಕ ಅಳಲಿಲ್ಲ. ಮಣ್ಣು ಕೊಡವಿಕೊಂಡು ಕೇಳಿದಳು: "ಅಪ್ಪಾ, ನಾ ಬಿದ್ದಿದ್ರ ನೀ ಏನ್ ಮಾಡ್ತಿದ್ದಿ?"

ಅಪ್ಪ ಅವಳ ಕೈ ಹಿಡಿದು ಮನೆಗೆ ಕರೆತಂದ. ಮರುದಿನ ಊರ ಹುಡುಗರಿಗೆ ಈಜು ಕಲಿಸುವ ಯುನುಸ ಕಾಕಾನ ಹತ್ತಿರ ಹೋದ.

"ಯುನುಸಭಾಯಿ, ಈಜು ಕಲೀಬೇಕಾಗ್ಯಾದ."

"ಯಾರಿಗಿ?"

"ಮೊದಲ ನನಗ. ಆಮ್ಯಾಲ ನನ್ನ ಹೆಣ್ಣುಮಕ್ಕಳಿಗಿ ನಾನೇ ಕಲಸ್ತೇನಿ."

ಬೆನ್ನಿಗೆ ಖಾಲಿ ಕ್ಯಾನು ಕಟ್ಟಿಕೊಂಡು, ಮೀಸೆ ಬಂದ ಗಂಡಸು, ಸಣ್ಣ ಹುಡುಗರ ನಡುವೆ ನೀರಿಗಿಳಿದ. "ಕಾಕಾ ಎಮ್ಮಿ ಹಂಗ ತೇಲಲಿಕತ್ತಾನ!" ಎಂದು ಹುಡುಗರು ನಕ್ಕರು. ಮನೆಗೆ ಬಂದರೆ ರೊಟ್ಟಿಯ ತಾಟು ಮುಟ್ಟದೆ ಹಾಗೇ ಸರಿಸಿಬಿಡುತ್ತಿದ್ದ. ಅವ್ವ ಗಿರಿಜಾಬಾಯಿ ನೋಡಲಾರದೆ ಅಂದಳು: "ಸಾಕ ಬಿಡ್ರಿ. ಯಾರ್ ಜೋರ್ ಮಾಡ್ಯಾರ ನಿಮಗ?"

"ನಾನೇ ಹೆದರಿದ್ರ, ಮಕ್ಕಳಿಗಿ ಹೆದರಬ್ಯಾಡ್ರಿ ಅಂತ ಹ್ಯಾಂಗ ಹೇಳ್ಲಿ?" ಅಂದ ಅಪ್ಪ.

ಮುಂದಿನ ಬೇಸಿಗೆಗೆ ನಮ್ಮ ಸರದಿ ಬಂತು. ಚೂಡಿದಾರ ತೊಟ್ಟೇ ಇಳಿದೆವು. ಅಪ್ಪನ ಅಂಗೈ ಹೊಟ್ಟೆಯ ಕೆಳಗೆ ಹಲಗೆಯ ಹಾಗೆ ಇರುತ್ತಿತ್ತು. ಅದನ್ನು ಅವನು ಯಾವಾಗ ತೆಗೆದನೋ ಗೊತ್ತಾಗಲೇ ಇಲ್ಲ. ತಿರುಗಿ ನೋಡಿದರೆ ಅಕ್ಕ ಒಬ್ಬಳೇ ಆಚೆ ದಡ ಮುಟ್ಟಿದ್ದಳು. ಅಪ್ಪ ಬಾವಿಯ ಮೆಟ್ಟಿಲ ಮೇಲೆ ಎದೆಮಟ್ಟದ ನೀರಲ್ಲಿ ನಿಂತೇ ಚಪ್ಪಾಳೆ ತಟ್ಟಿದ.

ಊರು ಸುಮ್ಮನಿರಲಿಲ್ಲ. ಪಕ್ಕದ ಹೊಲದ ಏಕನಾಥ ಬದುವಿನ ಮೇಲೆ ನಿಂತು ಕೇಳಿದ: "ಪಂಢರಿ, ಹಿಂಗ ಬಾವ್ಯಾಗ ಜಿಗಿಯೋ ಪೋರಿಗಿ ನಾಳಿ ಯಾರ್ ಮದಿವಿ ಮಾಡ್ಕೋತಾರ?"

"ಮಾಡ್ಕೊಳ್ಳೋನಿಗಿ ಈಜು ಬರಲಿಲ್ಲಂದ್ರ ನನ್ನ ಮಗಳೇ ಕಲಸ್ತಾಳ ತಗೋ."

ಅಕ್ಕ ದೊಡ್ಡವಳಾದಾಗ ಅವ್ವನೂ ಸಾಕು ಅಂದಳು. ಅಪ್ಪ ವಾದಕ್ಕಿಳಿಯದೆ ಅಕ್ಕನನ್ನೇ ಕೂರಿಸಿಕೊಂಡು ಹೇಳಿದ: "ನಿನಗ ಯಾವ ದಿನ ಬ್ಯಾಡ ಅನಸ್ತದ, ಆ ದಿನ ಬ್ಯಾಡ. ಉಳಿದ ದಿನ ನಡಿ." ಊರಿನ ಬೇರೆ ಯಾವ ಅಪ್ಪನೂ ಮಗಳ ಹತ್ತಿರ ಹಾಗೆ ಮಾತಾಡಿದ್ದು ನನಗೆ ಗೊತ್ತಿಲ್ಲ.

ಅಕ್ಕ ಈಗ ಬೀದರಿನಲ್ಲಿ ನರ್ಸಿಂಗ್ ಓದುತ್ತಾಳೆ. ಹೋದ ಬೇಸಿಗೆಯಲ್ಲಿ ಔರಾದ ಹತ್ತಿರದ ಹಳ್ಳಿಯಲ್ಲಿ ಒಂದು ಮದುವೆಗೆ ನಾವೆಲ್ಲ ಹೋಗಿದ್ದೆವು. ಊಟ ಮುಗಿಯುವ ಹೊತ್ತಿಗೆ ಹಿತ್ತಲಿನಿಂದ ಚೀರಾಟ ಕೇಳಿಸಿತು. ಮನ್ಮಥಪ್ಪ ಎಂಬ ಹಿರಿಯರ ಪುಟ್ಟ ಮೊಮ್ಮಗಳು ಬಾವಿಗೆ ಬಿದ್ದಿದ್ದಳು. ಜನ ಸುತ್ತ ನಿಂತು ಕೂಗುತ್ತಿದ್ದರು. ಅಪ್ಪ ಚಪ್ಪಲಿ ಕಳಚುವಷ್ಟರಲ್ಲಿ ಅಕ್ಕ ತನ್ನ ಓಢಣಿಯನ್ನು ನನ್ನ ಕೈಗೆ ತುರುಕಿದ್ದಳು.

"ಅಪ್ಪಾ, ನೀ ಹಗ್ಗ ಕೆಳಗ ಬಿಡು!" ಎಂದವಳೇ ಹಾರಿದಳು.

ನೀರು ಮುಚ್ಚಿಕೊಂಡಿತು. ಅಪ್ಪನ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತು. ಆದರೂ ಕೈಗಳು ಮಾತ್ರ ಬಾವಿಯ ಹಗ್ಗವನ್ನು ಕೆಳಗಿಳಿಸುತ್ತಲೇ ಇದ್ದವು. ಅಕ್ಕನ ತಲೆ ಮೇಲೆ ಬಂತು, ಜೊತೆಗೆ ಮಗುವಿನ ಹಸಿರು ಲಂಗ. "ಹಿಂದಿಂದ ಹಿಡಿ, ಮಾಯಾ! ಬಾಯಿ ಮ್ಯಾಲ ಇರ್ಲಿ!" ಅಪ್ಪ ಕೂಗಿದ. ಅವಳು ಹಾಗೇ ಹಿಡಿದು ಹಗ್ಗಕ್ಕೆ ಜೋತುಬಿದ್ದಳು. ಅಪ್ಪನ ಜೊತೆ ಜನ ಸೇರಿ ಎಳೆದರು. ಮೇಲೆ ಬಂದ ಮೇಲೂ ಮಗುವನ್ನು ಯಾರ ಕೈಗೂ ಕೊಡಲಿಲ್ಲ. ಕಲ್ಲಿನ ಮೇಲೆ ಮಲಗಿಸಿ, ಬಾಯಿಗೆ ಬಾಯಿಟ್ಟು ಉಸಿರು ತುಂಬಿದಳು. ಮಗು ಕೆಮ್ಮಿ, ನೀರು ಕಾರಿ, ಜೋರಾಗಿ ಅತ್ತಿತು. ಕೂಡಲೇ ಅದನ್ನು ಔರಾದ ಆಸ್ಪತ್ರೆಗೆ ಒಯ್ದರು. ಅಪಾಯವಿಲ್ಲ ಎಂದು ಸಂಜೆಗೆ ಸುದ್ದಿ ಬಂತು.

ನಾವು ಹೊರಟಾಗ ಮನ್ಮಥಪ್ಪನವರು ಅಪ್ಪನ ಎರಡೂ ಕೈ ಹಿಡಿದುಕೊಂಡರು. "ನಿಮ್ಮ ಮಗಳು ದೇವರಾಗಿ ಬಂದಾಳ್ರಿ."

"ದೇವರಲ್ರಿ, ಕಲ್ತಾಳ," ಅಂದ ಅಪ್ಪ. "ನಿಮ್ಮ ಮೊಮ್ಮಗಳಿಗೂ ಕಲಸ್ರಿ."

ಊರಿಗೆ ಮರಳಲು ಭಾಲ್ಕಿ ಬಸ್ಸು ಹತ್ತಿದ ಮೇಲೆ ಅಪ್ಪನನ್ನು ಹಿಡಿಯುವವರಿರಲಿಲ್ಲ. ಟಿಕೆಟ್ ಕೇಳಲು ಬಂದ ಕಂಡಕ್ಟರ್‌ಗೆ, "ಇಕಿ ನನ್ನ ಹಿರಿ ಮಗಳ್ರಿ, ಇವತ್ತ ಬಾವ್ಯಾಗಿಂದ ಕೂಸಿಗಿ ಎತ್ಯಾಳ" ಎಂದು ಶುರು ಮಾಡಿದ. ಕಮಲನಗರದಲ್ಲಿ ಹತ್ತಿದ ಒಬ್ಬ ಅಜ್ಜಿಗೆ ಕನ್ನಡ ತಿಳಿಯುತ್ತಿರಲಿಲ್ಲ. ಅಪ್ಪ ಅಷ್ಟನ್ನೂ ಮರಾಠಿಯಲ್ಲಿ ಮತ್ತೆ ಹೇಳಿದ.

ಯಾರದೋ ಸೀರೆ ಉಟ್ಟು, ಬಿಚ್ಚಿದ ಕೂದಲು ಹರವಿಕೊಂಡು ಕಿಟಕಿಗೆ ಮುಖ ಮಾಡಿ ಕೂತಿದ್ದ ಅಕ್ಕ ನಾಚಿ ಪಿಸುಗುಟ್ಟಿದಳು: "ಅವ್ವಾ, ಅಪ್ಪಗ ಸುಮ್ಮ ಕೂಡಂತ ಹೇಳ."

"ನಾ ಹೇಳಂಗಿಲ್ಲ," ಅಂದಳು ಅವ್ವ. "ಹೇಳ್ಕೋಲಿ ಬಿಡು."