ಕಿವಿಯ ಹಿಂದಿನ ಮಚ್ಚೆ

"ಕಿವಿಯ ಹಿಂದೆ ಏನು ಹುಡುಕ್ತಿ ಬೇವರ್ಸಿ? ನಿನ್ನಪ್ಪ ಹೂತಿಟ್ಟ ನಿಧಿ ಉಂಟಾ ಅಲ್ಲಿ? ಜುಟ್ಟಿನ ಸುತ್ತ ಬೋಳಿಸು, ಹೋಗು."

ಧರ್ಣಪ್ಪ ಧನಿಗಳು ಅಂಗಳದ ಮಣೆಯ ಮೇಲೆ ಕೂತಿದ್ದರು. ಕ್ಷೌರದ ಸಂಕಪ್ಪ ಅವರ ತಲೆಗೆ ನೀರು ತಟ್ಟಿದ. ಕಿವಿಯ ಹಿಂದೆ ಏನಿದೆಯೆಂದು ಅವನಿಗೆ ಮೂರು ವರ್ಷದಿಂದ ಗೊತ್ತು. ನಾಲ್ಕಾಣೆಯಷ್ಟಗಲದ ತಾಮ್ರಬಣ್ಣದ ಮಚ್ಚೆ. ಒಮ್ಮೆ ಕೈತಪ್ಪಿ ಕತ್ತಿ ತಾಗಿದಾಗ ಧನಿಗಳು ಎಲೆಯಡಿಕೆ ಜಗಿಯುತ್ತಲೇ ಇದ್ದರು. ಊರಿನ ತಲೆಗಳೆಲ್ಲ ಹಾದುಹೋಗುವ ಕೈ, ಅದಕ್ಕೆ ತಿಳಿಯದ ಗುಟ್ಟಿಲ್ಲ.

ಒಂದು ತಿಂಗಳ ಹಿಂದೆ ಆ ಗುಟ್ಟು ಹೇಳಬೇಕಾದ ದಿನ ಬಂದಿತ್ತು.

ಮಚ್ಚೆಯೆದ್ದ ಚರ್ಮಕ್ಕೆ ನೋವೇ ತಿಳಿಯದ ಆ ದೊಡ್ಡರೋಗ, ಕುಷ್ಠ, ಹುಡುಕಲು ಸರಕಾರ ಊರೂರಿಗೆ ಜನ ಕಳಿಸಿತ್ತು. ಬಂಟ್ವಾಳದಿಂದ ಸೈಕಲಿನಲ್ಲಿ ಬಂದ ಕುಶಾಲಪ್ಪ ಇದೇ ಅಂಗಳದಲ್ಲಿ ಪುಸ್ತಕ ಬಿಚ್ಚಿದಾಗ ಧನಿಗಳು ಎಲ್ಲರೆದುರು ಕೇಳಿದ್ದರು: "ಸಂಕಪ್ಪ, ಊರ ತಲೆಯೆಲ್ಲ ನಿನ್ನ ಕೈಯಲ್ಲುಂಟಲ್ಲ. ಯಾರಿಗುಂಟು ಹೇಳು." ಸಂಕಪ್ಪನಿಗೆ ನೆನಪಾದದ್ದು ಎರಡು ಹೆಸರು. ಬಾಯಿಂದ ಬಂದದ್ದು ಒಂದೇ, ಧನಿಗಳ ಒಕ್ಕಲು ತುಕ್ರಪ್ಪನದು.

ಕುಶಾಲಪ್ಪ ಬಿಳಿ ಮಾತ್ರೆ ಕೊಟ್ಟು, "ಗುಣ ಆಗ್ತದೆ, ಓಡಿಸುವ ರೋಗ ಅಲ್ಲ" ಎಂದು ನೂರು ಸಲ ಹೇಳಿ ಹೋದ. ಮರುದಿನವೇ ಧನಿಗಳ ಆಳುಗಳು ತುಕ್ರಪ್ಪನ ಗುಡಿಸಲ ಮಾಡಿನ ಮುಳಿಹುಲ್ಲು ಕಿತ್ತೆಸೆದರು. ಅವನ ಗದ್ದೆ ಇನ್ನೊಬ್ಬನಿಗಾಯಿತು. ಅವನೂ ಹೆಂಡತಿಯೂ ಈಗ ಹೊಳೆಬದಿಯ ಮುರುಕು ಕೊಟ್ಟಿಗೆಯಲ್ಲಿದ್ದಾರೆ. ಅವನ ಗಡ್ಡ ಮುಟ್ಟಿದ ಕತ್ತಿ ಈ ಅಂಗಳಕ್ಕೆ ಬರಬಾರದೆಂದು ಸಂಕಪ್ಪನಿಗೆ ಅಪ್ಪಣೆಯಾಗಿತ್ತು.

ಮೊನ್ನೆ ಸಂಕಪ್ಪ ಎರಡು ಸೇರು ಅಕ್ಕಿ ಹೊತ್ತು ಅಲ್ಲಿಗೆ ಹೋಗಿದ್ದ. ತುಕ್ರಪ್ಪ ಗಂಟು ಮುಟ್ಟಲಿಲ್ಲ.

"ನನ್ನ ಹೆಸರು ಹೇಳಿದ್ದಕ್ಕೆ ಸಿಟ್ಟಿಲ್ಲ ಸಂಕಪ್ಪಣ್ಣ. ರೋಗ ಉಂಟು, ಹೇಳಿದಿ. ಆದ್ರೆ ಇಡೀ ಊರಲ್ಲಿ ನಿನ್ನ ಕತ್ತಿಗೆ ಸಿಕ್ಕಿದ್ದು ನಾನೊಬ್ಬನೇ ಏನು?"

ಸಂಕಪ್ಪ ಗಂಟನ್ನು ಅಲ್ಲೇ ಬಿಟ್ಟು ಬಂದಿದ್ದ.

ಇವತ್ತು ಧನಿಗಳ ತಲೆಯ ಎಡಬದಿ ಬೋಳಿಸಿ ಮುಗಿಯುವ ಹೊತ್ತಿಗೆ ಸೈಕಲಿನ ಗಂಟೆ ಕೇಳಿಸಿತು. ಕುಶಾಲಪ್ಪ ಜಗಲಿಯ ಕೆಳಗೇ ನಿಂತು ಕೈಮುಗಿದ.

"ಈ ಸಲ ಮನೆಮನೆ ನೋಡ್ಬೇಕಂತೆ ಧನಿಗಳೇ. ಮೇಲಿನವರ ಆರ್ಡರು."

"ನಮ್ಮ ಮನೇಲಿ ನೋಡ್ಲಿಕ್ಕೆ ಏನುಂಟು ಮಾರಾಯ? ಅದು ಕೊಳಕರ ರೋಗ. ಒಬ್ಬನಿದ್ದ, ಗುಡಿಸಿ ಹಾಕಿ ಆಯ್ತು. ಕಾಫಿ ಕುಡಿದು ಹೋಗು."

ಕುಶಾಲಪ್ಪ ಪುಸ್ತಕ ಮುಚ್ಚಿದ.

ಸಂಕಪ್ಪನ ಬೆರಳು ಕಿವಿಯನ್ನು ಮುಂದಕ್ಕೆ ಮಡಚಿತು. ಕತ್ತಿಯ ಮೂಲೆ ಮಚ್ಚೆಯ ಮೇಲೆ ಕೂತಿತು. ಅವನು ಮೆಲ್ಲಗೆ ಒತ್ತಿದ.

"ಬೆಲ್ಲದ ಕಾಫಿ ಆಗ್ತದಲ್ಲ ನಿನಗೆ?" ಎನ್ನುತ್ತಿದ್ದರು ಧನಿಗಳು. ರಕ್ತದ ಎಳೆಯೊಂದು ಕುತ್ತಿಗೆಗಿಳಿದು ಹೆಗಲಿನ ಬಿಳಿ ಬೈರಾಸು ಬಟ್ಟೆಯಲ್ಲಿ ಹರಡಿತು. "ಮೊನ್ನೆ ಸಕ್ಕರೆ ಮುಗಿಯಿತು."

"ಧನಿಗಳೇ... ನೋವಾಗ್ಲಿಲ್ವಾ?" ಎಂದ ಕುಶಾಲಪ್ಪ.

"ಎಂತ ನೋವು?"

ಕುಶಾಲಪ್ಪ ನೋಡುತ್ತಿದ್ದ ಕಡೆಗೆ ಅವರ ಕೈ ಹೋಯಿತು. ಬೆರಳು ಕೆಂಪಾಗಿ ಬಂತು.

"ಕೊಯ್ದಿಯೇನೋ ರಂಡೆಮಗನೇ!"

"ಹೌದು. ನಿಮಗೆ ಗೊತ್ತೇ ಆಗ್ಲಿಲ್ಲ," ಎಂದ ಸಂಕಪ್ಪ. "ಬರೀರಿ ಸ್ವಾಮಿ. ಆವತ್ತು ಒಂದು ಹೆಸರು ಬಿಟ್ಟುಹೋಗಿತ್ತು. ಬಿಟ್ಟದ್ದು ನಾನು."

ಕುಶಾಲಪ್ಪ ಪೆನ್ನಿನ ಮುಚ್ಚಳ ತೆಗೆದ. ಧನಿಗಳ ಮುಖ ನೋಡಿದ. ಪೆನ್ನು ಕಾಗದಕ್ಕೆ ಇಳಿಯಲಿಲ್ಲ.

"ತಲೆ ಮುಗಿಸು ಮೊದ್ಲು!" ಧನಿಗಳು ಗುಡುಗಿದರು. ಮನೆಯ ಕೊಟ್ಟಿಗೆಯಿಂದ ಇಬ್ಬರು ಆಳುಗಳು ದೊಣ್ಣೆ ಹಿಡಿದು ಬಂದರು.

ಸಂಕಪ್ಪ ಕತ್ತಿಯನ್ನು ನೀರಿಗದ್ದಿ, ಒರೆಸಿ, ಮಡಚಿ, ಸೊಂಟಕ್ಕೆ ಸಿಕ್ಕಿಸಿದ.

"ಅವರು ಬರೆಯದೆ ಈ ತಲೆ ಮುಗಿಯೂದಿಲ್ಲ."

ಸುತ್ತಲಿನ ಮೂರು ಊರಿಗೆ ಕ್ಷೌರದವನು ಅವನೊಬ್ಬನೇ; ಅವನ ಕೈ ಮುರಿದರೆ ಈ ಅರ್ಧ ತಲೆ ಹೀಗೇ ಉಳಿಯುವುದು. ಒಂದು ಬದಿ ಬೋಳು, ಒಂದು ಬದಿ ಕೂದಲಿನ ತಲೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಧನಿಗಳು ಮಣೆಯಿಂದ ಏಳಲಾರದೆ ಕೂತಿದ್ದರು. ಬೆರಳುಗಳ ಸಂದಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು.