ಕೊಳವೆಯಿಲ್ಲದ ನೌಕೆ

ಶವಪೆಟ್ಟಿಗೆಯೊಳಗೆ ಕುರಾತನ ಎದೆಯ ಮೇಲಿಟ್ಟಿದ್ದ ಪುಟ್ಟ ಅಂತರಿಕ್ಷ ನೌಕೆಯ ಮಾದರಿಯನ್ನು ಅಂತ್ಯಕ್ರಿಯೆಯ ಮೇಲ್ವಿಚಾರಕ ಮೆಲ್ಲಗೆ ಎತ್ತಿ ಹೊರಗಿಟ್ಟ.

"ಪ್ಲಾಸ್ಟಿಕ್ ಬಿಡಲ್ಲಮ್ಮ. ಕರಗಿ ಮೂಳೆಗೆ ಅಂಟ್ಕೊಳ್ಳತ್ತೆ. ಆಮೇಲೆ ಮೂಳೆ ಆರಿಸೋಕೆ ನಿಮಗೇ ಕಷ್ಟ."

ಹೆಂಡತಿ ಸೆತ್ಸುಕೊಗೆ ರೇಗಿಹೋಯಿತು. ಶಿಜುವೊಕಾ ಊರಿನ ಕಾರ್ಖಾನೆಯಲ್ಲಿ ನಲವತ್ತು ವರ್ಷ ಪ್ಲಾಸ್ಟಿಕ್ ಮಾದರಿಗಳಿಗೆ ಅಚ್ಚು ಕೊರೆದವನ ಜೊತೆ ಇನ್ನೇನನ್ನು ಕಳಿಸುವುದು? ಸಾಯುವಾಗ ಅವನು ಕೇಳಿದ್ದು ಅದೊಂದೇ, ನನ್ನ ನೌಕೆ ಜೊತೆಗಿರಲಿ ಎಂದು. ದಹನಕ್ಕೆ ಇನ್ನೊಂದೇ ಗಂಟೆಯಿತ್ತು.

"ಹೋಗ್ಲಿ ಬಿಡಿ ಸೆತ್ಸುಕೊ ಅವ್ರೇ, ಅದು ನೌಕೆಯೇ ಅಲ್ಲ, ಸಾಬೂನು," ಎಂದ ಮೊಚಿಜುಕಿ. ಕಾರ್ಖಾನೆಯಲ್ಲಿ ಕುರಾತನ ಪಕ್ಕದ ಮೇಜಿನವನು.

"ಹೆಣದ ಮುಂದೆಯೂ ಅದೇ ರಾಗನಾ? ಬಾಯಿ ಮುಚ್ಕೊಂಡಿರಿ!"

* * *

ಪ್ರತಿ ಭಾನುವಾರ ಮೊಚಿಜುಕಿ ಊಟಕ್ಕೆ ಬರುತ್ತಿದ್ದ, ಜಗಳ ಶುರುವಾಗುತ್ತಿತ್ತು.

"ನೌಕೆ ಅಂದ್ರೆ ನುಣ್ಣಗಿರ್ಬೇಕು, ಬೆಸುಗೆ ಕಾಣಬಾರದು," ಎನ್ನುತ್ತಿದ್ದ ಕುರಾತ. "ಕೆಲಸ ಬರದವರು ಕೊಳವೆ ಹೊರಗೆ ಬಿಡ್ತಾರೆ."

"ಒಳಗಿನ ಕೊಳವೆ ಕೆಟ್ಟರೆ ಗೋಡೆ ಒಡೀತೀಯಾ? ಕೊಳವೆ, ತೇಪೆ, ಮಸಿ ಇದ್ರೇನೇ ಒಳಗೆ ಜನ ಇದಾರೆ ಅನ್ಸೋದು ಕಣೋ!"

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದ ಹಾಗೆ, ಲೋಕದಲ್ಲೇ ಇಲ್ಲದ ಹಡಗಿಗೆ ಇಬ್ಬರು ಮುದುಕರ ಕಿತ್ತಾಟ. ಸುಟ್ಟ ಮೀನು ಆರಿ ತಣ್ಣಗಾಗುತ್ತಿತ್ತು. "ನಿಮ್ಮ ಹಡಗಲ್ಲೇ ಹೋಗಿ ಉಣ್ಣಿ," ಎಂದು ಸೆತ್ಸುಕೊ ಎಷ್ಟೋ ಸಲ ತಟ್ಟೆ ಎತ್ತಿದ್ದಳು. ಆದರೆ ಆಸ್ಪತ್ರೆಗೆ ಮೊಚಿಜುಕಿ ಬರದ ದಿನ ಕುರಾತ ಗಂಜಿಯನ್ನೂ ಮುಟ್ಟುತ್ತಿರಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟೇ ಬರುತ್ತಿತ್ತು.

* * *

"ಕಾಗದ ಆಗತ್ತಾ?" ಎಂದು ಮೊಚಿಜುಕಿ ಮೇಲ್ವಿಚಾರಕನನ್ನು ಕೇಳಿದ.

"ಕಾಗದ ಆಗತ್ತೆ."

ಬಂದವರಿಗೆ ಕೊಡಲು ತಂದಿದ್ದ ಚಹಾದ ರಟ್ಟಿನ ಡಬ್ಬಿಯೊಂದನ್ನು ಬಿಚ್ಚಿ, ಕತ್ತರಿ ಗೋಂದು ಇಸಿದುಕೊಂಡು ಮೊಚಿಜುಕಿ ಮೂಲೆಯಲ್ಲಿ ಕೂತ. ಮುಕ್ಕಾಲು ಗಂಟೆ ತಲೆಯೆತ್ತಲಿಲ್ಲ. ಕೊನೆಗೆ ತಂದು ತೋರಿಸಿದ ನೌಕೆ ಹೊಳೆಗಲ್ಲಿನಷ್ಟು ನುಣ್ಣಗಿತ್ತು. ಅಂಟಿಸಿದ ಗುರುತೇ ಇರಲಿಲ್ಲ.

"ಎಲ್ಲಿ ನಿಮ್ಮ ಕೊಳವೆ?" ಎಂದಳು ಸೆತ್ಸುಕೊ.

"ಇವತ್ತೊಂದಿನ ಅವನೇ ಗೆಲ್ಲಲಿ ಬಿಡಿ."

ಸೆತ್ಸುಕೊ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬೆಳಗಿನಿಂದ ಬಾರದ ಅಳು ಈಗ ಬಂತು, ಅದರ ಜೊತೆಗೇ ಸಿಟ್ಟೂ ಬಂತು.

"ಏನ್ರೀ ಇದು! ಹೀಗೆ ಎಲ್ಲಾ ಒಪ್ಕೊಂಡು ಕಳಿಸಿಬಿಟ್ರೆ, ಅಲ್ಲಿ ಇವರು ಒಬ್ಬರೇ ಕೂತು ಏನು ಮಾಡ್ತಾರೆ? ಒಂದು ಕೊಳವೆ ಆದ್ರೂ ಅಂಟಿಸಿ, ಬೇಗ!"

ಮೊಚಿಜುಕಿ ಉಳಿದ ರಟ್ಟಿನ ಚೂರನ್ನು ಸುರುಳಿ ಸುತ್ತಿದ. ಅವಸರದಲ್ಲಿ ಅಂಟಿಸಿದ ಕೊಳವೆ ಸೊಟ್ಟಗಾಯಿತು. ಸರಿಮಾಡಲು ಹೊತ್ತಿರಲಿಲ್ಲ.

ಮುಚ್ಚಳ ಮುಚ್ಚುವಾಗ ಬಿಳಿ ಸೇವಂತಿಗೆಗಳ ನಡುವೆ ಆ ಸೊಟ್ಟ ಕೊಳವೆ ಕುರಾತನ ಗಲ್ಲಕ್ಕೆ ತಿವಿಯುತ್ತಿತ್ತು.