ಪ್ರಮೀಳನ ಮನೆ ನೀರು

ಈ ದ್ಯಾವಮ್ಮನ ಬಾಯಿ ಜೋರು ಅಂತ ನಮ್ಮೂರು ಚಿನಕುರಳಿಲಿ ಯಾರನ್ನ ಕೇಳುದ್ರೂ ಏಳ್ತಾರೆ. ಏಳ್ಲಿ ಬುಡಿ. ಆ ಜೋರು ಬಾಯಿಂದ ಒಂದೇ ಒಂದು ಮಾತು ಆಚೆಗೆ ಬರ್ದೆ ಎರಡು ವರ್ಸದಿಂದ ಒದ್ದಾಡ್ತಾ ಇವ್ನಿ.

ನಮ್ಮ ಎದುರುಮನೇಲಿ ಪ್ರಮೀಳಾ ಅಂತ ಬಾಡಿಗೆಗೆ ಇದ್ಲು. ಸರ್ಕಾರಿ ನರ್ಸು, ಕ್ರಿಶ್ಚಿಯನ್ನು. ನಮ್ಮ ಯಜಮಾನ್ರು ಮುದ್ದಯ್ಯನೋರಿಗೆ ಸಕ್ಕರೆ ಕಾಯ್ಲೆಯಿಂದ ಕಾಲಲ್ಲಿ ಉಣ್ಣಾದಾಗ, ಒಂದು ವರ್ಸ ದಿನಾ ಬೆಳಿಗ್ಗೆ ಬಂದು ತೊಳ್ದು ಬಟ್ಟೆ ಕಟ್ಟೋಳು. ಆ ವಾಸ್ನೆಗೆ ಎಂಡ್ತಿ ನಾನೇ ಮೂಗು ಮುಚ್ಕತಿದ್ದೆ. ಅವ್ಳು ಮುಖ ಸಿಂಡರಿಸ್ದೋಳಲ್ಲ. "ಏನವ್ವಾ, ನಿಮ್ಮ ಏಸಪ್ಪನ ಕಡೆ ಎಳ್ಕಂಡು ಓಗಕ್ಕಾ ಈ ಸೇವೆ?" ಅಂತ ಒಂದ್ಸಲ ಚುಚ್ಚಿದೆ. "ಕಾಲು ವಾಸಿಯಾಗ್ಲಿ ಅಂತ ಅಮ್ಮ" ಅಂದ್ಲು, ಅಷ್ಟೇ. ಭಾನುವಾರ ಚರ್ಚಿಗೆ ಓಗೋ ದಿನಾನೂ ಮೊದ್ಲು ಕಾಲು ಕಟ್ಟಿ ಆಮೇಲೆ ಬಸ್ಸು ಅತ್ತೋಳು.

ಅಂಥೋಳ ಕೈಯಿಂದ ನಾವು ಒಂದು ತೊಟ್ಟು ನೀರು ಕುಡ್ದೋರಲ್ಲ. ಅವಳ ಮಾತ್ರೆ ಆಗ್ತಿತ್ತು, ಸೂಜಿ ಆಗ್ತಿತ್ತು, ನೀರು ಆಗ್ತಿರ್ಲಿಲ್ಲ. ನಮ್ಮತ್ತೆ ಕಾಲದ ಕಟ್ಟುಪಾಡು. ಅವ್ಳಿಗೂ ಗೊತ್ತಿತ್ತು.

ಯಜಮಾನ್ರು ಓಗ್ಬುಟ್ಟ ದಿನ ಏಳ್ತೀನಿ ಕೇಳಿ. ಮದ್ಯಾನ, ಜಗುಲಿ ಮ್ಯಾಲೆ ಮಲಗಿದ್ರು. ಉಸ್ರು ಎಳೀತಿತ್ತು ಅಂತ ಪ್ರಮೀಳನ್ನ ಕೂಗಿ ಕರ್ದಿದ್ದೆ. "ನೀರು" ಅಂದ್ರು. ಪ್ರಮೀಳಾ ತನ್ನ ಬಾಟ್ಲಿಂದ ಲೋಟಕ್ಕೆ ಬಗ್ಗಿಸಿ, ಅವ್ರ ತಲೆ ಎತ್ತಿ ಇಡ್ಕಂಡ್ಲು. ಲೋಟ ತುಟಿಗೆ ಸೋಕಕ್ಕೆ ಮುಂಚೆ ನಾನು ಕಿತ್ಕಂಡೆ. "ಇರು, ನಮ್ಮ ಅಡುಗೆಮನೇದು ತತ್ತೀನಿ" ಅಂತ ಓಡ್ದೆ. ಮೊಗ್ದು ತರೋ ಒತ್ಗೆ ಜೀವ ಓಗಿತ್ತು. ಬಾಯಿ ಅಂಗೇ ತೆರ್ದಿತ್ತು. ನಲವತ್ತು ವರ್ಸ ಬಾಳಿದ ಗಂಡಂಗೆ ಸಾಯೋವಾಗ ಬಾಯಿಗೆ ನೀರಿಲ್ದಂಗೆ ಮಾಡ್ದ ಪಾಪಿ ನಾನು.

ಪ್ರಮೀಳನೇ ಅವ್ರ ಕಣ್ಣು ಮುಚ್ಚಿದ್ಲು. ಅವತ್ತೂ ಆಮೇಲೂ, ಯಾರ ಮುಂದೂ ಈ ಮಾತು ಎತ್ಲಿಲ್ಲ. ಮಣ್ಣು ಮಾಡಿ ಬಂದ ಸಾಯಂಕಾಲ ನಾನು ಗೋಡೆಗೆ ಒರಗಿ ಕುಂತಿದ್ರೆ, ಪಕ್ಕದ ಮನೆ ಚೆಲುವಮ್ಮಂಗೆ ಏಳಿ ಗಂಜಿ ಕಾಯಿಸಿ, ಅವಳ ಕೈಲೇ ಕಳಿಸಿದ್ಲು. ತಾನು ಮುಟ್ಟುದ್ರೆ ನಾನು ಕುಡಿಯಲ್ಲ ಅಂತ. ಅಯ್ಯೋ, ಬೀದೀಲಿ ನಿಂತು ಬೈದಿದ್ರೆ ಎಷ್ಟೋ ವಾಸಿ ಇತ್ತು.

ಮೂರು ತಿಂಗ್ಳಿಗೆ ಅವ್ಳಿಗೆ ಕೆ.ಆರ್. ಪೇಟೆಗೆ ವರ್ಗ ಆಯ್ತು. ಓಗೋ ದಿನ ಬಾಗ್ಲಿಗೆ ಬಂದು ಕೂಗುದ್ಲು. ನಾನು ಮುಖ ತೋರಿಸ್ನಾರ್ದೆ ಕೊಟ್ಟಿಗೇಲಿ ಕುಂತ್ಬುಟ್ಟಿದ್ದೆ. ಆವತ್ನಿಂದ ಎದುರುಮನೆ ಬಾಗ್ಲು ನೋಡ್ನೋಡಿ ಸಾಕಾಗಿತ್ತು. ಬೆಳಿಗ್ಗೆ ಆದ್ರೆ ಅವ್ಳು ಬತ್ತಾಳೆ ಅನ್ನುಸ್ತಿತ್ತು. ಅವಳ ಮನೆ ನೀರು ಒಂದ್ಸಲ ಕುಡೀಬೇಕು, ಕುಡ್ದು ತಪ್ಪಾಯ್ತು ಅನ್ಬೇಕು. ಬೇರೆ ಏನೂ ಆಸೆ ಉಳ್ದಿರ್ಲಿಲ್ಲ ನಂಗೆ.

ಮೊನ್ನೆ ಓಗೇಬುಟ್ಟೆ. ಎರಡು ಬಸ್ಸು ಅತ್ತಿ ಇಳ್ದು, ಆಸ್ಪತ್ರೇಲಿ ವಿಚಾರ್ಸಿ, ಮನೆ ಉಡಿಕ್ಕಂಡು ಓದೆ. ಬಾಗ್ಲು ತೆಗ್ದೋಳೇ "ಅಮ್ಮಾ!" ಅಂತ ತಬ್ಕಂಡ್ಲು. ಕೂದ್ಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಕುರ್ಚಿಲಿ ಕೂರ್ಸಿ, ಫ್ಯಾನ್ ಆಕಿ, "ಬಿಸಿಲಲ್ಲಿ ಬಂದಿದೀರ, ಒಂದ್ನಿಮಿಷ ಇರಿ" ಅಂತ ಚಪ್ಲಿ ಮೆಟ್ಕಂಡು ಆಚೆಗೆ ಓಡುದ್ಲು. ವಾಪಸ್ ಬಂದಾಗ ಕೈಲಿ ಅಂಗಡಿ ನೀರಿನ ಬಾಟ್ಲು.

"ಮುಚ್ಚಳ ನೀವೇ ತೆಗೀರಿ ಅಮ್ಮ, ನಾನು ಮುಟ್ಟಿಲ್ಲ" ಅಂದ್ಲು. ಕೊಂಕಿರ್ಲಿಲ್ಲ, ನಗ್ತಾನೇ ಅಂದ್ಲು.

"ಇದನ್ನ ಕುಡಿಯಕ್ಕೆ ಅಷ್ಟು ದೂರದಿಂದ ಬಂದ್ನೇನೇ? ನಿನ್ನ ಮನೇಲಿ ನೀರಿಲ್ವಾ?" ಅಂತ ಗದರ್ಸುದ್ನೋ, ಅತ್ನೋ, ನಂಗೇ ಗೊತ್ತಿಲ್ಲ. ಅವ್ಳು ಒಳಗೋಗಿ ಸ್ಟೀಲ್ ಲೋಟದಲ್ಲಿ ನೀರು ತಂದ್ಲು. ಎರಡು ಕೈಲೂ ಇಸ್ಕಂಡು, ಒಂದು ತೊಟ್ಟು ಬುಡ್ದಂಗೆ ಕುಡ್ದೆ. ತಪ್ಪಾಯ್ತು ಅನ್ನಕ್ಕೆ ಬಾಯಿ ತೆಗುದ್ರೆ ಮಾತೇ ಬರ್ನಿಲ್ಲ.

ಖಾಲಿ ಲೋಟ ಅವಳ ಮುಂದಕ್ಕೆ ಚಾಚಿದೆ.

"ಅವ್ರ ಪಾಲಿಂದೂ ಕೊಡವ್ವ" ಅಂದೆ.